ಕರಗದ ಹಾಳೆ

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕಾವಲಿಯ ಮೇಲಿದ್ದ ದೋಸೆಗೆ ಒಂದು ಚೀಸ್ ಹಾಳೆ ಹಾಕಿ, ಕರಗಲಿ ಎಂದು ಕಾದು ನಿಂತೆ. ದೋಸೆಯ ಅಂಚು ಕೆಂಪಾಯಿತು, ತಳ ಸೀದ ವಾಸನೆ ಬಂತು, ಹಾಳೆ ಮಾತ್ರ ಹಾಕಿದ ಹಾಗೆಯೇ ಚೌಕವಾಗಿ ಕುಳಿತಿತ್ತು. ನಾಲ್ಕು ಮೂಲೆಗಳೂ ಇಸ್ತ್ರಿ ಮಾಡಿದಷ್ಟು ನೆಟ್ಟಗೆ. ಸ್ವಲ್ಪ ಹೊತ್ತಿಗೆ ಅದರ ಮೈಮೇಲೆ ಸಣ್ಣ ಸಣ್ಣ ಎಣ್ಣೆಹನಿಗಳು ಮೂಡಿದವು, ಬಿಸಿಲಲ್ಲಿ ಬಸ್ಸಿಗೆ ಕಾಯುವವರ ಹಣೆಯ ಹಾಗೆ. ಸಟ್ಟುಗದಿಂದ ಒತ್ತಿ ನೋಡಿದೆ. ತಗ್ಗಿತು, ಮತ್ತೆ ಎದ್ದಿತು. ಏಳನೇ ತರಗತಿಯ ಮಗಳು ಅದನ್ನು ಹಾಗೇ ಮಡಿಚಿ ತಿಂದು, ಚೆನ್ನಾಗಿದೆಯಲ್ಲ, ನಿನಗೆ ಯಾವಾಗಲೂ ಏನಾದರೊಂದು ತಕರಾರು ಎಂದಳು.

ತಕರಾರು ಇದ್ದದ್ದು ನಿಜ. ಕೋಲಾರದಲ್ಲಿ ಈಗ ಸೂಪರ್‌ಮಾರ್ಕೆಟ್ಟುಗಳಿಗೆ ಕೊರತೆಯಿಲ್ಲ, ಪ್ರತಿಯೊಂದರಲ್ಲೂ ಗಾಜಿನ ಬಾಗಿಲಿನ ಒಂದು ತಣ್ಣನೆಯ ಬೀರು, ಅದರೊಳಗೆ ಹಳದಿ ಬಣ್ಣದ ಒಂದು ಸಾಲು. ನಾವು ಹತ್ತು ಹನ್ನೆರಡು ವರ್ಷಗಳಿಂದ ತಿಂಗಳ ಸಾಮಾನಿನ ಜೊತೆ ಒಂದು ಪೊಟ್ಟಣ ತರುತ್ತಿದ್ದೇವೆ. ಮೊದಮೊದಲು ಕರಗುತ್ತಿತ್ತು. ಆಮೇಲೆ ನಿಧಾನವಾಗಿ ಕರಗತೊಡಗಿತು. ಯಾವ ತಿಂಗಳಿಂದ ಕರಗುವುದನ್ನೇ ಬಿಟ್ಟಿತೋ ಲೆಕ್ಕ ಇಟ್ಟವರಿಲ್ಲ. ಕೆಡುವುದು ಹೀಗೆ ಕಂತಿನ ಮೇಲೆ ನಡೆದಾಗ ಯಾರೂ ಜಗಳಕ್ಕೆ ಹೋಗುವುದಿಲ್ಲ. ಅದೂ ಅಲ್ಲದೆ, ಚೀಸ್ ನಮ್ಮದಲ್ಲ ಎಂಬ ಭಾವನೆ ಒಂದಿದೆ. ತುಪ್ಪ ಮರಳುಗಟ್ಟದಿದ್ದರೆ, ಮೊಸರು ಲೋಳೆಯಾದರೆ ಅಂಗಡಿಯವನ ಮುಖಕ್ಕೆ ಹಿಡಿಯುವ ಧೈರ್ಯ ನಮಗಿದೆ. ಚೀಸಿನ ವಿಷಯದಲ್ಲಿ ಅದು ಹೇಗಿರಬೇಕು ಎಂದು ನಮಗೆ ಹೇಳಿಕೊಟ್ಟವರು ಯಾರು? ಜಾಹೀರಾತು ತಾನೆ?

ನನಗೆ ಮಾತ್ರ ಬೇರೆಯವರು ಹೇಳಿಕೊಟ್ಟಿದ್ದರು.

ರಾಬರ್ಟ್‌ಸನ್‌ಪೇಟೆಯ ಡಬ್ಬ

ನನ್ನ ಸೋದರಮಾವ ಕೆಜಿಎಫ್‌ನಲ್ಲಿ ಚಿನ್ನದ ಗಣಿಯ ನೌಕರ. ಚಾಂಪಿಯನ್ ರೀಫ್ಸ್ ಕಡೆ ಕ್ವಾರ್ಟರ್ಸ್. ಗಣಿ ಮುಚ್ಚಿದ್ದು 2001ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೂ ಹತ್ತು ವರ್ಷ ಹಿಂದಿನ ಮಾತು. ಕೆಜಿಎಫ್ ಎಂದರೆ ನಮಗೆ ಕೋಲಾರ ಜಿಲ್ಲೆಯೊಳಗೇ ಇದ್ದ ಒಂದು ವಿದೇಶ. ಅಲ್ಲಿ ಆಂಗ್ಲೋ ಇಂಡಿಯನ್ನರ ಮನೆಗಳಿದ್ದವು, ಕ್ರಿಸ್‌ಮಸ್ಸಿಗೆ ಬೇಕರಿಗಳಲ್ಲಿ ಪ್ಲಮ್ ಕೇಕು ಸಿಗುತ್ತಿತ್ತು, ಮತ್ತು ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ತಗಡಿನ ಡಬ್ಬದ ಚೀಸ್. ಮಾವ ಒಂದು ಸಲ ಡಿಸೆಂಬರ್ ರಜೆಗೆ ಬಂದಾಗ ಆ ಡಬ್ಬ ತಂದ. ಕೀಲಿ ಇರಲಿಲ್ಲ. ಕುಡುಗೋಲಿನ ತುದಿಯಿಂದ ಸುತ್ತ ಕೊರೆದು ಮುಚ್ಚಳ ಎತ್ತುವಾಗ ಮಾವನ ಹೆಬ್ಬೆರಳು ಕೊಯ್ದು, ಚೀಸಿನ ಮೊದಲ ನೋಟಕ್ಕೆ ಅರಿಸಿನ ಮೆತ್ತಿದ ಒಂದು ಬೆರಳೂ ಸೇರಿಕೊಂಡಿದೆ.

ಅಮ್ಮ ಮೊದಲು ಮೂಸಿದಳು. ಅವಳು ಹಾಲಿನ ಯಾವುದನ್ನೇ ಆದರೂ ಮೂಸಿಯೇ ತೀರ್ಮಾನಕ್ಕೆ ಬರುವವಳು. ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ಕರೆಯುವಾಗಲೇ ಹೇಳುತ್ತಿದ್ದಳು. ಡಬ್ಬದ ಮೇಲೆ ಬಗ್ಗಿ ಒಂದು ಗಳಿಗೆ ಸುಮ್ಮನಿದ್ದು, "ಹಾಲು ಹಳೆಯದು, ಆದರೆ ಕೆಟ್ಟಿಲ್ಲ" ಎಂದಳು. ಅವಳು ಅದಕ್ಕೆ ಇಟ್ಟ ಹೆಸರು ಪಟ್ಟಣದ ಜುನ್ನು. ನಮ್ಮ ಕಡೆ ಮನೆಮಾತು ಅರ್ಧ ತೆಲುಗು, ಗಿಣ್ಣನ್ನು ಜುನ್ನು ಎಂದೇ ಕರೆಯುತ್ತೇವೆ. ನಿಘಂಟು ತೆರೆದರೆ ಚೀಸಿಗೆ ಕನ್ನಡದಲ್ಲಿ ಗಿಣ್ಣು ಎಂದೇ ಇದೆ. ಈದ ಹಸುವಿನ ಮೊದಲ ಹಾಲು ತಾನೇ ಗಟ್ಟಿಯಾಗುವುದಕ್ಕೂ ಹೆಪ್ಪು ಹಾಕಿ ಹಿಂಡಿ ತಿಂಗಳುಗಟ್ಟಲೆ ಮಾಗಿಸುವುದಕ್ಕೂ ಸಂಬಂಧ ಕಡಿಮೆ, ಆದರೂ ನಿಘಂಟಿನವರೂ ಅಮ್ಮನೂ ಒಂದೇ ಕಡೆ ಬಂದು ನಿಂತದ್ದು ನನಗೆ ಇಷ್ಟ.

ಆ ರಾತ್ರಿ ರಾಗಿ ರೊಟ್ಟಿ. ಕೊಬ್ಬರಿ ತುರಿಯುವ ಮಣೆಯಲ್ಲೇ ಮಾವ ಚೀಸ್ ತುರಿದು ಬಿಸಿ ರೊಟ್ಟಿಯ ಮೇಲೆ ಉದುರಿಸಿದ. ಪಿಜ್ಜಾದ ಮೇಲೆ ಕಾಣುವ ನೂಲು ಏಳಲಿಲ್ಲ, ಅದು ಮೊಝರೆಲ್ಲಾದ ಗುಣ. ಇದು ಸುಮ್ಮನೆ ಮೆತ್ತಗಾಗಿ, ಅಮ್ಮ ಬೆರಳು ತಟ್ಟಿ ಮೂಡಿಸಿದ್ದ ಗುಳಿಗಳೊಳಗೆ ಇಳಿದು ಕುಳಿತುಕೊಂಡಿತು. ಮೊದಲು ಉಪ್ಪು, ಹಿಂದೆಯೇ ಹುಳಿ, ಅದರ ಹಿಂದೆ ಎಲ್ಲೋ ಹುರಿದ ಕಡಲೆಕಾಯಿಯ ನೆನಪು ತರುವಂಥದ್ದು. ನುಂಗಿದ ಮೇಲೂ ನಾಲಿಗೆಯ ಬದಿಯಲ್ಲಿ ಅದು ಸ್ವಲ್ಪ ಹೊತ್ತು ಉಳಿದಿತ್ತು. ಈ ಉಳಿಯುವ ಗುಣ ಈಗಿನದಕ್ಕೆ ಇಲ್ಲ. ಬಾಯಲ್ಲಿರುವಾಗ ಉಪ್ಪು, ಹೋದ ಮೇಲೆ ಅಂಗುಳಕ್ಕೆ ಅಂಟಿದ ಒಂದು ಜಿಡ್ಡಿನ ಪದರ, ಅಷ್ಟೇ.

ಹತ್ತು ವರ್ಷದ ಹುಡುಗನ ನಾಲಿಗೆಯನ್ನು ಸಾಕ್ಷಿಗೆ ಕರೆಯುವುದು ಎಷ್ಟು ಸರಿ ಎಂಬ ಅನುಮಾನ ನನಗೂ ಇದೆ. ಹಸಿವು, ಡಿಸೆಂಬರ್ ಚಳಿ, ವರ್ಷಕ್ಕೊಮ್ಮೆ ಬರುವ ಮಾವ, ಇಷ್ಟೂ ಸೇರಿದರೆ ಬಟ್ಟೆ ಸೋಪೂ ರುಚಿಯಾಗಿರುತ್ತಿತ್ತೋ ಏನೋ. ಆ ಡಬ್ಬದಲ್ಲಿದ್ದದ್ದೂ ಕಾರ್ಖಾನೆಯ ಸಂಸ್ಕರಿತ ಚೀಸೇ ಹೊರತು ಯಾವುದೋ ಬೆಟ್ಟದ ಗುಹೆಯಲ್ಲಿ ಮಾಗಿದ ಅಪರೂಪದ ಗಡ್ಡೆಯಲ್ಲ. ಆದ್ದರಿಂದ ನೆನಪನ್ನು ಬದಿಗಿಟ್ಟು ಪೊಟ್ಟಣದ ಬೆನ್ನು ಓದಲು ಕುಳಿತೆ.

ಬೆನ್ನಿನ ಮೇಲಿನ ಸಣ್ಣ ಅಕ್ಷರ

ಎದುರಿಗೆ ಹಸಿರು ಹುಲ್ಲು, ಹಸು, ಕರಗಿ ಸುರಿಯುತ್ತಿರುವ ಹಳದಿ. ಬೆನ್ನಿನಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್, ಕನ್ನಡ ಒಂದಕ್ಷರವೂ ಇಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬುದು ನಿಯಮ, ಹಾಗಾಗಿ ಈ ಪಟ್ಟಿ ಸುಳ್ಳು ಹೇಳುವುದಿಲ್ಲ. ಮೊದಲು ನೀರು. ಎರಡನೆಯದು ಖಾದ್ಯ ಸಸ್ಯಜನ್ಯ ಕೊಬ್ಬು, ತಾಳೆ. ಮೂರನೆಯದಕ್ಕೆ ಹಾಲಿನ ಘನಾಂಶ ಬಂತು, ಆಮೇಲೆ ಪಿಷ್ಟ, ಆಮೇಲೆ 331, 339, 452 ಎಂಬ ಸಂಖ್ಯೆಗಳು. ಇನ್ನೂ ಕೆಳಗೆ, ಎಷ್ಟೋ ಸಣ್ಣದಾಗಿ, ಇದು ಅನಲಾಗ್ ಎಂಬ ತಪ್ಪೊಪ್ಪಿಗೆ. ಹಾಲಿನ ಯಾವುದೋ ಅಂಶದ ಜಾಗದಲ್ಲಿ ಹಾಲಿನದಲ್ಲದ್ದು ಬಂದು ಕುಳಿತಿದ್ದರೆ ಅದಕ್ಕೆ ನಮ್ಮ ಆಹಾರ ಸುರಕ್ಷತಾ ನಿಯಮದ ಹೆಸರು ಅದು. ಅಂಥದ್ದು ಹಾಲಿನ ಉತ್ಪನ್ನದ ಹೆಸರು ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡಿಲ್ಲ ಕೂಡ. ಎದುರಿಗಿದ್ದ ಪದವನ್ನು ಈಗ ಸರಿಯಾಗಿ ನೋಡಿದೆ, ಚೀಸ್ ಎಂದಿರಲಿಲ್ಲ, ಚೀಸೀ ಎಂದಿತ್ತು. ಒಂದು ದೀರ್ಘದಲ್ಲಿ ಹಸು ಹೊರಗೆ ಹೋಗಿತ್ತು.

ಅದೇ ಬೀರುವಿನಲ್ಲಿ, ಅದೇ ಸಾಲಿನಲ್ಲಿ, ಹಾಲಿನಿಂದ ಮಾಡಿದ ಚೀಸೂ ಇರುತ್ತದೆ ಎಂಬುದನ್ನು ಹೇಳಲೇಬೇಕು. ಬಣ್ಣ ಅದೇ, ಅಳತೆ ಅದೇ, ಬೆಲೆ ಸ್ವಲ್ಪ ಮೇಲೆ. ನಾವು ಯಾವಾಗ ಒಂದರಿಂದ ಇನ್ನೊಂದಕ್ಕೆ ದಾಟಿದೆವು? ಬಹುಶಃ ಒಂದರ ಜೊತೆ ಒಂದು ಉಚಿತ ಎಂದಿದ್ದ ಯಾವುದೋ ವಾರ. ಇನ್ನು ಹಾಲಿನ ಚೀಸ್ ಎಂದು ಕರೆಸಿಕೊಳ್ಳುವುದರಲ್ಲೂ ಸಡಿಲವಾಗಲು ಜಾಗವಿದೆ. ಸಂಸ್ಕರಿತ ಚೀಸಿನಲ್ಲಿ ತೇವಾಂಶ ಶೇ 47 ಮೀರಬಾರದು, ನೀರು ಕಳೆದು ಉಳಿದದ್ದರಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ 40 ಇರಬೇಕು. ಲೆಕ್ಕ ಹಾಕಿದರೆ ನೂರು ಗ್ರಾಮಿಗೆ 21 ಗ್ರಾಂ ಹಾಲಿನ ಕೊಬ್ಬು. ಸವರುವ ಚೀಸಿಗೆ ತೇವಾಂಶದ ಮಿತಿ ಶೇ 60, ಅಂದರೆ ಕೊಬ್ಬು 16 ಗ್ರಾಮಿಗೆ ಇಳಿದರೂ ಕಾನೂನಿನ ಪ್ರಕಾರ ಸರಿ. ಚೀಸಿನ ವ್ಯಾಪಾರವೆಂದರೆ ಬಹಳ ಮಟ್ಟಿಗೆ ನೀರನ್ನು ಎಷ್ಟು ನಿಲ್ಲಿಸಬಹುದು ಎಂಬ ವ್ಯಾಪಾರ. ನಮ್ಮ ಊರಿನಲ್ಲಿ ಹಾಲಿಗೆ ನೀರು ಬೆರೆಸಿದವಳನ್ನು ನಾಲ್ಕು ಜನರ ಮುಂದೆ ನಿಲ್ಲಿಸುತ್ತಿದ್ದರು.

ಅಲ್ಲಿಗೆ ಆಮೇಲೆ ಬರುತ್ತೇನೆ.

ಪೋಷಕಾಂಶಗಳ ಪಟ್ಟಿಯಲ್ಲಿ ಇನ್ನೆರಡು ಸುಳಿವುಗಳು ಸಿಕ್ಕವು. ಹಾಲಿನಿಂದ ಮಾಡಿದ ಗಟ್ಟಿ ಚೀಸಿನಲ್ಲಿ ಕಾರ್ಬೋಹೈಡ್ರೇಟ್ ಹೆಸರಿಗೆ ಮಾತ್ರ, ಹಾಲಿನ ಸಕ್ಕರೆಯ ಬಹುಪಾಲು ಹೆಪ್ಪು ಹಿಂಡಿದಾಗಲೇ ತಿಳಿಯೊಂದಿಗೆ ಹೋಗಿರುತ್ತದೆ. ಆ ಸಂಖ್ಯೆ ಹತ್ತನ್ನು ದಾಟಿದ್ದರೆ ಒಳಗೆ ಪಿಷ್ಟ ಕುಳಿತಿದೆ ಎಂದು ಧೈರ್ಯವಾಗಿ ಅನುಮಾನಿಸಬಹುದು. ಎರಡನೆಯದು, ಕೊಲೆಸ್ಟ್ರಾಲ್ ಸೊನ್ನೆ ಎಂದು ಹೆಮ್ಮೆಯಿಂದ ಬರೆದಿರುವುದು. ಹಾಲಿನ ಕೊಬ್ಬಿದ್ದರೆ ಕೊಲೆಸ್ಟ್ರಾಲ್ ಇದ್ದೇ ಇರುತ್ತದೆ, ತಾಳೆಮರಕ್ಕೆ ಅದು ಗೊತ್ತಿಲ್ಲ. ನಾವು ಆರೋಗ್ಯದ ಮುದ್ರೆ ಎಂದುಕೊಂಡು ಖುಷಿಯಿಂದ ಬುಟ್ಟಿಗೆ ಹಾಕಿಕೊಂಡದ್ದು ಅಸಲಿಗೆ ಗೈರುಹಾಜರಿಯ ಚೀಟಿ.

ಇಬ್ಬರು ಗರ್ಬರ್‌ಗಳು

ಕರಗದಿರುವುದಕ್ಕೂ ಕಾರಣವಿದೆ. ಹಾಲಿನ ಮುಖ್ಯ ಪ್ರೋಟೀನು ಕೇಸೀನ್. ಚೀಸಿನೊಳಗೆ ಅದು ಕ್ಯಾಲ್ಸಿಯಮ್ಮಿನ ಕೊಂಡಿಗಳಿಂದ ಒಂದು ಬಲೆ ನೇಯ್ದುಕೊಂಡು ಕೊಬ್ಬನ್ನೂ ನೀರನ್ನೂ ಹಿಡಿದಿರುತ್ತದೆ. ಕಾವು ತಗುಲಿದಾಗ ಕೊಬ್ಬು ಕರಗುತ್ತದೆ, ಬಲೆ ಸಡಿಲವಾಗಿ ಜಾರುತ್ತದೆ, ನಮಗೆ ಕರಗಿದಂತೆ ಕಾಣುತ್ತದೆ. ಬಲೆಯ ಬದಲು ಪಿಷ್ಟದ ಗಂಜಿ ಇದ್ದರೆ ಅದು ಬಿಸಿಗೆ ಜಾರುವುದಿಲ್ಲ, ಇಡ್ಲಿಯನ್ನು ಎಷ್ಟು ಬೇಯಿಸಿದರೂ ಅದು ಮತ್ತೆ ಹಿಟ್ಟಾಗದ ಹಾಗೆ. ಒಳಗಿನ ಎಣ್ಣೆಗೆ ಹಿಡಿದುಕೊಳ್ಳುವ ಕೈ ಸಾಲದೆ ಮೇಲೆ ಬಂದು ಹನಿಯಾಗಿ ನಿಲ್ಲುತ್ತದೆ. ಭಾನುವಾರ ನಾನು ಕಂಡ ಬೆವರು ಅದು.

ಸಂಸ್ಕರಿತ ಚೀಸ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಥೂನ್ ಎಂಬ ಊರಿನಲ್ಲಿ, 1911ರಲ್ಲಿ. ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಎಂಬಿಬ್ಬರು ಮಾಗಿದ ಚೀಸನ್ನು ಸೋಡಿಯಂ ಸಿಟ್ರೇಟಿನ ಜೊತೆ ಕಾಯಿಸಿ ತಿರುವಿದರು. ಆ ಉಪ್ಪು ಕ್ಯಾಲ್ಸಿಯಮ್ಮನ್ನು ಕಿತ್ತುಕೊಳ್ಳುತ್ತದೆ, ಬಿಡುಗಡೆಯಾದ ಕೇಸೀನ್ ಕೊಬ್ಬನ್ನೂ ನೀರನ್ನೂ ನುಣ್ಣಗೆ ಬೆಸೆಯುತ್ತದೆ, ಚೀಸ್ ಬಿಸಿಲ ನಾಡಿಗೂ ಹಾಳಾಗದೆ ಪ್ರಯಾಣ ಮಾಡಬಲ್ಲದು. ಪೊಟ್ಟಣದ ಬೆನ್ನಿನ 331 ಎಂದರೆ ಅದೇ ಉಪ್ಪು. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ ಇಂಥದ್ದಕ್ಕೇ 1916ರಲ್ಲಿ ಪೇಟೆಂಟ್ ಪಡೆದ. ಒಳ್ಳೆಯ ಚೀಸಿನ ಆಯಸ್ಸು ಹೆಚ್ಚಿಸಲು ಕಂಡುಕೊಂಡ ಉಪಾಯ ಅದು. ಆದರೆ ಯಾವುದನ್ನು ಬೇಕಾದರೂ ನುಣ್ಣಗೆ ಬೆಸೆಯಬಲ್ಲ ಉಪಾಯ ಕೈಗೆ ಬಂದ ಮೇಲೆ ಒಳಗೆ ಏನು ಹಾಕಬೇಕು ಎಂಬ ಪ್ರಶ್ನೆ ಲೆಕ್ಕಪತ್ರದವರ ಕೋಣೆಗೆ ಹೋಗುತ್ತದೆ. ತಿಂಗಳುಗಟ್ಟಲೆ ಮಾಗಿದ್ದರ ಜಾಗಕ್ಕೆ ಎಳೆಯ ಚೀಸ್ ಬಂತು. ಮಾಗಲು ಬಿಟ್ಟ ಚೀಸ್ ಎಂದರೆ ತಣ್ಣನೆಯ ಕೋಣೆಯಲ್ಲಿ ಮಲಗಿರುವ ದುಡ್ಡು, ದಿನಕ್ಕಿಷ್ಟು ವಿದ್ಯುತ್ತು, ದಿನಕ್ಕಿಷ್ಟು ಬಡ್ಡಿ. ಕಿಣ್ವಗಳನ್ನು ಸೇರಿಸಿ ಕೆಲವೇ ದಿನಗಳಲ್ಲಿ ಹಳೆಯ ಚೀಸಿನ ಘಾಟು ಬರಿಸಿದ ಒಂದು ಪೇಸ್ಟ್ ಇದೆ, ಎಳೆಯದಕ್ಕೆ ಚಮಚದಷ್ಟು ಬೆರೆಸಿದರೆ ವಾಸನೆಗೆ ವಯಸ್ಸಾಗುತ್ತದೆ. ಕೊನೆಗೆ ಹಾಲಿನ ಕೊಬ್ಬೇ ದುಬಾರಿಯಾಗಿ ಕಂಡಿತು. ತುಪ್ಪದ ಬೆಲೆ ಎಲ್ಲಿ, ಇಂಡೋನೇಷ್ಯಾ ಮಲೇಷ್ಯಾಗಳಿಂದ ಹಡಗಿನಲ್ಲಿ ಬರುವ ತಾಳೆ ಎಣ್ಣೆಯ ಬೆಲೆ ಎಲ್ಲಿ.

ನಾವೂ ನಿರಪರಾಧಿಗಳಲ್ಲ. ಹಸುವಿನ ಹತ್ತು ಲೀಟರ್ ಹಾಲಿಗೆ ಒಂದು ಕಿಲೋ ಗಟ್ಟಿ ಚೀಸ್. ನನ್ನ ತಮ್ಮನಿಗೆ ಡೈರಿಯಲ್ಲಿ ಸಿಗುವ ದರದಲ್ಲೇ ಲೆಕ್ಕ ಹಾಕಿದರೂ ಹಾಲಿಗೇ ಮುನ್ನೂರೈವತ್ತು ರೂಪಾಯಿ ಹತ್ತಿರ ಆಗುತ್ತದೆ, ಕಾರ್ಖಾನೆ, ಶೀತಲ ಲಾರಿ, ಅಂಗಡಿ, ತೆರಿಗೆ ಎಲ್ಲ ಆಮೇಲೆ. ಸಂಜೆ ತಳ್ಳುಗಾಡಿಯಲ್ಲಿ ಮಸಾಲೆ ಪೂರಿಯ ಮೇಲೆ ಹಿಮದಂತೆ ಚೀಸ್ ಉದುರಿಸಿ ಅರವತ್ತು ರೂಪಾಯಿಗೆ ಕೊಡು ಎಂದರೆ ಅವನು ಎಲ್ಲಿಂದ ತರಬೇಕು? ಬಂಗಾರಪೇಟೆಯ ಪಾನಿಪೂರಿಗೆ ಹೆಸರು ಬಂದದ್ದು ಬಣ್ಣವೇ ಇಲ್ಲದ ಅದರ ತಿಳಿ ನೀರಿಗೆ. ಈಗ ಅದೇ ಜಿಲ್ಲೆಯಲ್ಲಿ ಎಲ್ಲದರ ಮೇಲೂ ಹಳದಿ ಬೇಕು. ಮುಳಬಾಗಿಲು ದೋಸೆಗೆ ಚೀಸ್ ಹಾಕುವುದನ್ನು ಕಂಡ ದಿನ ನಾನು ಎದ್ದು ಬಂದಿದ್ದೆ, ಆದರೆ ಅದು ಬೇರೆ ಜಗಳ. 2025ರ ಸೆಪ್ಟೆಂಬರಿನಲ್ಲಿ ಚೀಸಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗ ಮನೆಯಲ್ಲಿ ಖುಷಿಪಟ್ಟೆವು. ಆಗಲೂ ಪೊಟ್ಟಣ ತಿರುಗಿಸಿ ಬೆನ್ನು ನೋಡಲಿಲ್ಲ.

ಇದನ್ನೆಲ್ಲ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಗರ್ಬರ್ ಎಂಬ ಹೆಸರು. ಆ ಹೆಸರನ್ನು ನಾನು ನಮ್ಮೂರಿನ ಡೈರಿಯಲ್ಲಿ, ಮರದ ಪೆಟ್ಟಿಗೆಯ ಮೇಲೆ, ಓದಲು ಕಲಿತ ಹೊಸತರಲ್ಲೇ ಕೂಡಿಸಿ ಕೂಡಿಸಿ ಓದಿದ್ದೆ. ಅವನು ಬೇರೆ ಗರ್ಬರ್, ನಿಕ್ಲಾಸ್ ಗರ್ಬರ್, ಅವನೂ ಸ್ವಿಟ್ಜರ್ಲೆಂಡಿನವನೇ. 1891ರಲ್ಲಿ ಹಾಲಿನ ಕೊಬ್ಬನ್ನು ಅಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದವನು. ಗಾಜಿನ ಬುಡ್ಡಿಗೆ ಹತ್ತು ಮಿಲಿ ಗಂಧಕಾಮ್ಲ, ಅದರ ಮೇಲೆ 10.75 ಮಿಲಿ ಹಾಲು, ಒಂದು ಮಿಲಿ ಅಮೈಲ್ ಆಲ್ಕೊಹಾಲ್. ಬಿರಡೆ ಹಾಕಿ ಕುಲುಕಿದರೆ ಬುಡ್ಡಿ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹಾಲು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಯಂತ್ರದಲ್ಲಿಟ್ಟು ಗರಗರ ತಿರುಗಿಸಿದ ಮೇಲೆ ಸಪೂರ ಕತ್ತಿನಲ್ಲಿ ಕೊಬ್ಬು ಮಾತ್ರ ಬಂಗಾರದ ಕಡ್ಡಿಯಂತೆ ನಿಲ್ಲುತ್ತದೆ. ಅಲ್ಲಿರುವ ಗೆರೆಗಳನ್ನು ಎಣಿಸಿದರೆ ಆಯಿತು.

ಡಿಗ್ರಿ

ಆ ಬಂಗಾರದ ಕಡ್ಡಿಯ ಎತ್ತರದ ಮೇಲೆ ನಮ್ಮ ಮನೆ ನಡೆಯುತ್ತಿತ್ತು. ಕೋಲಾರ ಹಾಲು ಒಕ್ಕೂಟ ಶುರುವಾದದ್ದು 1987ರಲ್ಲಿ. ಅದಾದ ಸ್ವಲ್ಪ ಕಾಲಕ್ಕೆ ಅಮ್ಮ ಸಾಲ ಮಾಡಿ ಒಂದು ಸೀಮೆ ಹಸು ಕಟ್ಟಿದಳು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ದಿನಕ್ಕೆರಡು ಸಲ ಹಾಲಿನ ಪರೀಕ್ಷೆ. ಫ್ಯಾಟು 3.5, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ 8.5, ಈ ಎರಡು ಸಂಖ್ಯೆಗಳು ನಮ್ಮ ಸೀಮೆಯಲ್ಲಿ ಅಕ್ಷರ ಬಾರದ ಹೆಂಗಸರಿಗೂ ಬಾಯಿಪಾಠ. ಮೊದಲು ಹಾಲಿನ ಸಾಂದ್ರತೆ ತೋರಿಸುವ ಲ್ಯಾಕ್ಟೋಮೀಟರ್ ಬಿಡುತ್ತಿದ್ದರು, ಅದನ್ನು ಡಿಗ್ರಿ ನೋಡುವುದು ಎನ್ನುತ್ತಿದ್ದೆವು. ಡಿಗ್ರಿ ಕಡಿಮೆ ಬಂತು ಎಂದರೆ ನೀರು ಬೆರೆಸಿದ್ದೀಯ ಎಂದು ನೇರವಾಗಿ ಹೇಳಿದ ಹಾಗೆ.

ಒಂದು ಮಳೆಗಾಲ, ನಾನು ಜೊತೆಗಿದ್ದೆ. ಮಳೆ ಚೆನ್ನಾಗಿ ಬಿದ್ದು ಬದುಗಳ ಮೇಲೆ ಎಳೆ ಹುಲ್ಲು ತುಂಬಿತ್ತು, ಹಸು ಹೊಟ್ಟೆ ತುಂಬ ಮೇದು ಎಂದಿಗಿಂತ ಅರ್ಧ ಸೇರು ಹೆಚ್ಚೇ ಕೊಟ್ಟಿತ್ತು. ಅಮ್ಮ ಸಂತೋಷದಿಂದ ಕ್ಯಾನು ಹೊತ್ತು ಬಂದಿದ್ದಳು. ಫ್ಯಾಟು ಮೂರಕ್ಕಿಂತ ಕೆಳಗೆ ಬಂತು. ಪರೀಕ್ಷೆ ಮಾಡುತ್ತಿದ್ದವನು ತಲೆ ಎತ್ತದೆ, "ಬಾವಿ ತುಂಬಿದೆ ಎಂದು ಕ್ಯಾನೂ ತುಂಬಿಸಿದೆಯೇನಮ್ಮ" ಎಂದ. ಸಾಲಿನಲ್ಲಿದ್ದವರು ನಕ್ಕರು. ಅಮ್ಮ ನಗಲಿಲ್ಲ, ಅಳಲಿಲ್ಲ, ಕ್ಯಾನನ್ನು ವಾಪಸು ಹೊತ್ತುಕೊಂಡು ಮನೆಗೆ ನಡೆದಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಆ ಸಂಜೆಯ ಹಾಲನ್ನು ಯಾರಿಗೂ ಮಾರದೆ ಹೆಪ್ಪು ಹಾಕಿದಳು. ಮಾರನೆಯ ದಿನದಿಂದ ಹಸುವಿನ ಮುಂದೆ ಹುಲ್ಲಿನ ಜೊತೆ ಒಣ ರಾಗಿಹುಲ್ಲು, ಹತ್ತಿಕಾಳು ಹಿಂಡಿ ಬಿತ್ತು. ಹಿಂಡಿಯ ಖರ್ಚು ಆ ವಾರದ ಬಟವಾಡೆಯನ್ನು ನುಂಗಿತು. ಎಳೆ ಹುಲ್ಲು ಜಾಸ್ತಿಯಾದರೆ ನಾರು ಕಡಿಮೆಯಾಗಿ ಕೊಬ್ಬು ಇಳಿಯುತ್ತದೆ ಎಂಬುದು ಅಮ್ಮನಿಗೆ ಯಾವ ಪುಸ್ತಕವೂ ಹೇಳಿದ್ದಲ್ಲ. ಎಂಟನೇ ದಿನ 3.6 ಬಂತು. ಅವತ್ತು ಅವಳು ಆ ಮನುಷ್ಯನಿಗೆ ಬುಡ್ಡಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿ ಎಂದು ಹೇಳಿ, ಅವನು ಹಿಡಿಯುವವರೆಗೂ ಕ್ಯಾನಿಗೆ ಹಾಲು ಸುರಿಯಲಿಲ್ಲ.

ಆ ಜಗುಲಿಯ ಮೇಲೆ ಒಂದು ಗೆರೆಯ ಕೊಬ್ಬಿಗೆ ಪೈಸೆ ಕತ್ತರಿಸುತ್ತಿದ್ದರು. ಅದು ತಪ್ಪೆಂದು ನಾನು ಹೇಳುತ್ತಿಲ್ಲ, ಆ ಕಟ್ಟುನಿಟ್ಟಿನಿಂದಲೇ ನಮ್ಮ ಹಾಲಿಗೆ ಹೆಸರು ಬಂತು, ನಾನು ಓದಿದ್ದೂ ಆ ಬಟವಾಡೆಯಲ್ಲೇ. ನನಗೆ ಅರಗದಿರುವುದು ಇನ್ನೊಂದು ತುದಿ. ಹಾಲು ಕೊಡುವವಳ ಮುಂದೆ ದಿನಕ್ಕೆರಡು ಸಲ ಬುಡ್ಡಿ ಎತ್ತಿ ಹಿಡಿಯುವ ನಾವು, ಹಾಲಿನ ಹೆಸರಿನಲ್ಲಿ ಮಾರುವವನ ಮುಂದೆ ಇರುವೆ ಸಾಲಿನ ಅಕ್ಷರಕ್ಕೆ ತೃಪ್ತರಾಗುತ್ತೇವೆ.

ಅಮ್ಮನ ಪರೀಕ್ಷೆ

ಮುಂದಿನ ಭಾನುವಾರ ಊರಿಗೆ ಹೋಗುವಾಗ ಉಳಿದಿದ್ದ ಆರು ಹಾಳೆಗಳನ್ನು ಹಿಡಿದುಕೊಂಡು ಹೋದೆ. ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ, ಕರೆಯುವುದು ತಮ್ಮನ ಕೆಲಸ, ಮೂಸುವುದು ಈಗಲೂ ಅವಳದೇ. ಪ್ಲಾಸ್ಟಿಕ್ ಬಿಡಿಸಿ ಮೂಗಿನ ಬಳಿ ಹಿಡಿದಳು. ತಿರುಗಿಸಿ ಮತ್ತೆ ಹಿಡಿದಳು. ಕೆಟ್ಟಿದೆಯೇ ಎಂದು ಕೇಳಿದೆ. "ಕೆಡುವುದಕ್ಕೆ ಇದರಲ್ಲಿ ಏನಿದೆ?" ಎಂದಳು. ಒಂದು ಚೂರು ಬಾಯಿಗೆ ಹಾಕಿಕೊಂಡು ಬೋಂಡದ ಎಣ್ಣೆ ಎಂದು ನಿರ್ಧಾರ ಹೇಳಿ ನೀರು ಕುಡಿದಳು. ನಾನು ಅನಲಾಗ್, ತಾಳೆ ಎಣ್ಣೆ, ಪಿಷ್ಟ ಎಂದೆಲ್ಲ ವಿವರಿಸಿದೆ. ಅವಳು ಕೇಳಿಸಿಕೊಂಡು, ಇದಕ್ಕೆ ಡಿಗ್ರಿ ಯಾರು ನೋಡುತ್ತಾರೆ ಎಂದಳು. ಅಧಿಕಾರಿಗಳಿದ್ದಾರೆ, ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಆದರೆ ಇದರಲ್ಲಿ ತಪ್ಪೇನೂ ಇಲ್ಲ, ಬೆನ್ನ ಮೇಲೆ ಎಲ್ಲ ಬರೆದಿದೆ ಎಂದೆ. ಅಮ್ಮ ಪೊಟ್ಟಣ ತಿರುಗಿಸಿ ಬೆನ್ನು ನೋಡಿದಳು. ಅವಳಿಗೆ ಇಂಗ್ಲಿಷ್ ಇರಲಿ, ಕನ್ನಡವೂ ಓದಲು ಬಾರದು.

ತಮ್ಮ ಸಂಜೆಯ ಹಾಲು ಹೊತ್ತುಕೊಂಡು ಹೊರಟಿದ್ದ. ಈಗ ಆಮ್ಲವಿಲ್ಲ, ಬುಡ್ಡಿಯಿಲ್ಲ, ಯಂತ್ರ ಅರೆಗಳಿಗೆಯಲ್ಲಿ ಸಂಖ್ಯೆ ತೋರಿಸಿ ಚೀಟಿ ಮುದ್ರಿಸುತ್ತದೆ. ಅವನು ವಾಪಸು ಬಂದಾಗ ಅಮ್ಮ ಕೇಳಿದ್ದು ಎಷ್ಟು ಲೀಟರ್ ಎಂದಲ್ಲ, ಎಷ್ಟು ಬಂತು ಎಂದು. 3.4. ಜೋಳದ ಹಸಿ ಮೇವು ಕಡಿಮೆ ಮಾಡು ಎಂದಳು.

ಬೆಂಗಳೂರಿಗೆ ಹೋದವನು ಈ ವಾರ ಹನ್ನೆರಡು ತಿಂಗಳು ಮಾಗಿಸಿದ್ದು ಎಂದು ಬರೆದಿದ್ದ ಇನ್ನೂರು ಗ್ರಾಮಿನ ಚೆಡ್ಡಾರ್ ತುಂಡೊಂದನ್ನು ತಂದೆ. ಬೆಲೆಯನ್ನು ಮನೆಯಲ್ಲಿ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಪದಾರ್ಥಗಳ ಪಟ್ಟಿ ಒಂದೇ ಸಾಲು, ಹಾಲು, ಉಪ್ಪು, ಹೆಪ್ಪು, ಕಿಣ್ವ. ಕತ್ತರಿಸಿದಾಗ ಪುಡಿಪುಡಿಯಾಗಿ ಒಡೆಯಿತು, ಕಾವಲಿಯ ಮೇಲೆ ಅರೆ ನಿಮಿಷದಲ್ಲಿ ಮೈಬಿಟ್ಟು ದೋಸೆಯ ತೂತುಗಳಿಗೆ ಇಳಿಯಿತು. ಆ ವಾಸನೆ ಬಂದ ಕೂಡಲೆ ನನಗೆ ಮಾವನ ಅರಿಸಿನದ ಬೆರಳು ಕಾಣಿಸಿತು. ಹೆಮ್ಮೆಯಿಂದ ಮಗಳ ತಟ್ಟೆಗೆ ಹಾಕಿದೆ. ಅವಳು ಬಗ್ಗಿ ಮೂಸಿದಳು, ಅಜ್ಜಿಯ ಹಾಗೆಯೇ, ಒಂದು ಗಳಿಗೆ ಸುಮ್ಮನಿದ್ದು. ಆಮೇಲೆ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, "ಅಪ್ಪ, ಇದು ಕೆಟ್ಟಿದೆ" ಎಂದಳು. ಹಳೆಯದು, ಕೆಟ್ಟಿಲ್ಲ ಎಂದೆ. ಅವಳಿಗೆ ಆ ವ್ಯತ್ಯಾಸ ರುಚಿಸಲಿಲ್ಲ. ಹಾಳೆಯೇ ವಾಸಿ, ಊಟದ ಡಬ್ಬಿಗೆ ಅಂಟಿಕೊಳ್ಳುವುದಿಲ್ಲ ಎಂದಳು.

ಉಳಿದ ತುಂಡನ್ನು ಬೆಣ್ಣೆ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ರಾತ್ರಿ ಎಲ್ಲರ ಊಟವಾದ ಮೇಲೆ ಒಂದು ರಾಗಿ ರೊಟ್ಟಿ ಬಿಸಿ ಮಾಡಿಕೊಂಡು ಸ್ವಲ್ಪವೇ ತುರಿದುಕೊಳ್ಳುತ್ತೇನೆ. ಶುಕ್ರವಾರದವರೆಗೆ ಬರಬಹುದು.